‘ಜರ್ಮನ್ ಗೊತ್ತಿಲ್ಲ’: ಸ್ಟುಟ್‌ಗಾರ್ಟ್‌ಗೆ ಬಂದ ಮೇಲೆ ನಾವು ಯಾರಾಗುತ್ತೇವೆ?

ಬೆಂಗಳೂರಿನಲ್ಲಿದ್ದಾಗ ಒಂದು ಮಾತು ಕೇಳಿದರೆ ನನಗೆ ಮೈ ಉರಿಯುತ್ತಿತ್ತು. ‘ಕನ್ನಡ್ ಗೊತ್ತಿಲ್ಲ.’ ಹತ್ತು ವರ್ಷದಿಂದ ಮಾರತ್‌ಹಳ್ಳಿಯಲ್ಲಿ ಮನೆ ಮಾಡಿಕೊಂಡು, ಇಲ್ಲಿಯ ನೀರು ಕುಡಿದು, ತರಕಾರಿ ಗಾಡಿಯವರ ಹತ್ತಿರ ಮೂರು ಮಾತು ಕನ್ನಡದಲ್ಲಿ ಆಡಲು ಬಾರದವರನ್ನು ಕಂಡರೆ ಕೋಪ. ಫೇಸ್‌ಬುಕ್‌ನಲ್ಲಿ ಉದ್ದುದ್ದ ಬರೆದದ್ದೂ ಉಂಟು. ಈಗ ನಾನು ಸ್ಟುಟ್‌ಗಾರ್ಟ್ ಪಕ್ಕದ ಒಂದು ಸಣ್ಣ ಊರಿನಲ್ಲಿದ್ದೇನೆ. ನಾಲ್ಕನೇ ವರ್ಷ. ಮೊನ್ನೆ ಬೇಕರಿಯಲ್ಲಿ ಅಜ್ಜಿಯೊಬ್ಬರು ಏನೋ ಕೇಳಿದರು. ನನ್ನ ಬಾಯಿಂದ ತಾನಾಗಿಯೇ ಬಂದ ಮಾತು: ‘ಸಾರಿ, ನೋ ಜರ್ಮನ್.’ ಬ್ರೆಡ್ ಹಿಡಿದು ಮನೆಗೆ ನಡೆಯುವಾಗ ಆ ಹಳೆಯ ಪೋಸ್ಟ್ ನೆನಪಾಯಿತು.

ನನ್ನೊಬ್ಬನ ಕತೆಯಾಗಿದ್ದರೆ ಬರೆಯಬೇಕಿರಲಿಲ್ಲ. 2010ರಲ್ಲಿ ಜರ್ಮನಿಯಲ್ಲಿದ್ದ ಭಾರತೀಯರು 50 ಸಾವಿರಕ್ಕಿಂತ ಕಡಿಮೆ. 2023ರ ಕೊನೆಗೆ ಆ ಸಂಖ್ಯೆ 2 ಲಕ್ಷ 40 ಸಾವಿರ ದಾಟಿತ್ತು. ಇಲ್ಲಿ ಓದುವ ವಿದೇಶಿ ವಿದ್ಯಾರ್ಥಿಗಳಲ್ಲಿ ಚೀನಾದವರನ್ನು ಹಿಂದೆ ಹಾಕಿ ನಮ್ಮವರೇ ಮೊದಲಿಗರಾಗಿದ್ದಾರೆ. 2024ರ ಅಕ್ಟೋಬರ್‌ನಲ್ಲಿ ಜರ್ಮನ್ ಸರ್ಕಾರ ಭಾರತದ ಕುಶಲ ಕೆಲಸಗಾರರಿಗೆ ಕೊಡುವ ವೀಸಾಗಳನ್ನು ವರ್ಷಕ್ಕೆ 20 ಸಾವಿರದಿಂದ 90 ಸಾವಿರಕ್ಕೆ ಏರಿಸುವುದಾಗಿ ಹೇಳಿತು. 2025ರ ಸೆಪ್ಟೆಂಬರ್‌ನಲ್ಲಿ ಅಮೆರಿಕ ಹೊಸ ಎಚ್1ಬಿ ವೀಸಾಗೆ ಒಂದು ಲಕ್ಷ ಡಾಲರ್ ಶುಲ್ಕ ಹಾಕಿತಲ್ಲ, ಆಗ ದೆಹಲಿಯಲ್ಲಿದ್ದ ಜರ್ಮನ್ ರಾಯಭಾರಿ ಫಿಲಿಪ್ ಆಕರ್‌ಮನ್ ವಿಡಿಯೊ ಮಾಡಿ ನಮ್ಮವರನ್ನು ಕರೆದರು. ಬೆಂಗಳೂರಿನ ಇಂಜಿನಿಯರ್ ಹುಡುಗ ಹುಡುಗಿಯರ ಬಾಯಲ್ಲಿ ಈಗ ಮ್ಯೂನಿಕ್, ಸ್ಟುಟ್‌ಗಾರ್ಟ್ ಹೆಸರು ಜಾಸ್ತಿ ಕೇಳುತ್ತಿದೆ. ಬರಲಿ, ಒಳ್ಳೆಯದೇ. ಬಂದ ಮೇಲೆ ಏನಾಗುತ್ತದೆ ಎನ್ನುವುದು ನನ್ನ ಪ್ರಶ್ನೆ.

ಮೊದಲ ಆರು ತಿಂಗಳು ಪೂರ್ತಿ ಕಾಗದದ ಕೆಲಸ. ಮನೆ ಸಿಕ್ಕ ಎರಡು ವಾರದೊಳಗೆ ‘ಆನ್‌ಮೆಲ್ಡುಂಗ್’ ಮಾಡಿಸಬೇಕು. ಅಂದರೆ ಊರಿನ ಕಚೇರಿಗೆ ಹೋಗಿ ‘ನಾನು ಇಂಥ ವಿಳಾಸದಲ್ಲಿದ್ದೇನೆ’ ಎಂದು ಬರೆಸಬೇಕು. ಮನೆ ಮಾಲೀಕರ ಸಹಿ ಬೇಕು. ಆ ಕಾಗದ ಇಲ್ಲದಿದ್ದರೆ ಮುಂದಿನ ಅರ್ಧ ಕೆಲಸ ನಿಂತ ಹಾಗೆ. ಬಾಡಿಗೆ ಮನೆಗೆ ಮೂರು ತಿಂಗಳ ಬಾಡಿಗೆಯವರೆಗೆ ಅಡ್ವಾನ್ಸ್ ಕೇಳಬಹುದು. ಬೆಂಗಳೂರಿನ ಹತ್ತು ತಿಂಗಳಿಗೆ ಹೋಲಿಸಿದರೆ ಅಗ್ಗ ಅನಿಸುತ್ತದೆ, ಆದರೆ ಎಷ್ಟೋ ಮನೆಯಲ್ಲಿ ಅಡುಗೆ ಕಟ್ಟೆಯೇ ಇರುವುದಿಲ್ಲ. ಸಿಂಕ್ ಸಮೇತ ನಾವೇ ತಂದು ಹಾಕಿಸಬೇಕು. ಟಿವಿ ಇರಲಿ, ಬಿಡಲಿ, ಸಾರ್ವಜನಿಕ ಪ್ರಸಾರಕ್ಕೆಂದು ಮನೆಗೆ ತಿಂಗಳಿಗೆ 18.36 ಯೂರೊ ಕಟ್ಟಬೇಕು. ಆನ್‌ಮೆಲ್ಡುಂಗ್ ಅರ್ಜಿಯಲ್ಲಿ ಧರ್ಮ ಯಾವುದು ಎಂದೂ ಕೇಳುತ್ತಾರೆ. ಮಂಗಳೂರಿನ ಗೆಳೆಯನೊಬ್ಬ ‘ಕ್ಯಾಥೊಲಿಕ್’ ಎಂದು ನಿಜವನ್ನೇ ಬರೆದ. ಮೊದಲ ಸಂಬಳದ ಚೀಟಿ ನೋಡಿ ಫೋನ್ ಮಾಡಿದ. ನಾವಿರುವ ಬಾಡೆನ್ ವುರ್ಟೆಂಬರ್ಗ್ ರಾಜ್ಯದಲ್ಲಿ ಚರ್ಚ್‌ಗೆ ಸೇರಿದವರ ಆದಾಯ ತೆರಿಗೆಯ ಮೇಲೆ ಇನ್ನೂ ಶೇ 8ರಷ್ಟನ್ನು ಸರ್ಕಾರವೇ ಹಿಡಿದು ಚರ್ಚ್‌ಗೆ ಕೊಡುತ್ತದೆ. ‘ಊರಲ್ಲಿ ಕಾಣಿಕೆ ಡಬ್ಬಿಗೆ ಹತ್ತು ರೂಪಾಯಿ ಹಾಕಿ ಬರ್ತಿದ್ದೆ ಮಾರಾಯ’ ಅಂದ.

ನಮ್ಮ ಹೆಸರಿನದು ಇನ್ನೊಂದು ಕತೆ. ಹಳೆ ಮೈಸೂರು ಕಡೆಯ ಎಷ್ಟೋ ಜನಕ್ಕೆ ಮನೆತನದ ಹೆಸರೇ ಇಲ್ಲ. ಊರಿನದು ಒಂದಕ್ಷರ, ಅಪ್ಪನದು ಒಂದಕ್ಷರ, ಆಮೇಲೆ ನಮ್ಮ ಹೆಸರು. ಪಾಸ್‌ಪೋರ್ಟ್ ಮಾಡಿಸುವಾಗ ಅದನ್ನು ಬಿಡಿಸಿ ಬರೆಯಬೇಕು. ಸರ್‌ನೇಮ್ ಜಾಗಕ್ಕೆ ಅಪ್ಪನ ಹೆಸರು ಹೋಗಿ ಕೂರುತ್ತದೆ. ಹಾಗಾಗಿ ಜರ್ಮನಿಯಲ್ಲಿ ನಾನು ನಾನಲ್ಲ, ನಮ್ಮಪ್ಪ. ಡಾಕ್ಟರ ಬಳಿ ಕಾಯುವಾಗ ಅಪ್ಪನ ಹೆಸರು ಕೂಗುತ್ತಾರೆ, ನಾನು ಎದ್ದು ಹೋಗುತ್ತೇನೆ. ಇಲ್ಲಿ ಅಪಾರ್ಟ್‌ಮೆಂಟ್‌ಗಳಿಗೆ ಸಾಮಾನ್ಯವಾಗಿ ಮನೆ ನಂಬರ್ ಇರುವುದಿಲ್ಲ. ಅಂಚೆಯವರು ಡಬ್ಬಿಯ ಮೇಲಿನ ಸರ್‌ನೇಮ್ ನೋಡಿಯೇ ಕಾಗದ ಹಾಕುತ್ತಾರೆ. ನಮ್ಮ ಡಬ್ಬಿಯ ಮೇಲೆ ಮೂರು ಹೆಸರಿವೆ. ನನ್ನ ಅಪ್ಪನದು, ಹೆಂಡತಿಯ ಅಪ್ಪನದು, ಮಗನಿಗೆ ಸರ್‌ನೇಮ್ ಆಗಿರುವ ನನ್ನದು. ಕೆಳಗಿನ ಮನೆಯವರು ಬಹಳ ದಿನ ಇಲ್ಲಿ ಮೂರು ಸಂಸಾರ ಇದೆ ಅಂದುಕೊಂಡಿದ್ದರಂತೆ.

ಇದೆಲ್ಲ ಕಷ್ಟ, ಆದರೆ ದಾಟಬಹುದಾದ ಕಷ್ಟ. ನಿಯಮ ಬರೆದಿದೆ. ಮೊದಲೇ ಬಂದ ಕನ್ನಡಿಗರು ವಾಟ್ಸ್ಆ್ಯಪ್ ಗ್ರೂಪ್‌ನಲ್ಲಿ ಹೇಳಿಕೊಡುತ್ತಾರೆ. ಯಾವ ಅಂಗಡಿಯಲ್ಲಿ ಸೋನಾ ಮಸೂರಿ, ಯಾವ ಕಚೇರಿಯಲ್ಲಿ ಬೇಗ ಅಪಾಯಿಂಟ್‌ಮೆಂಟ್, ಭಾರತದ ಲೈಸೆನ್ಸ್‌ನಲ್ಲಿ ಆರು ತಿಂಗಳು ಮಾತ್ರ ಕಾರು ಓಡಿಸಬಹುದು, ಆಮೇಲೆ ಪರೀಕ್ಷೆ ಕೊಡಲೇಬೇಕು, ಎಲ್ಲಾ ಅಲ್ಲೇ ಸಿಗುತ್ತದೆ. ವರ್ಷದೊಳಗೆ ಎಲ್ಲರೂ ಸೆಟ್ಲ್ ಆಗಿಬಿಡುತ್ತಾರೆ. ಹಾಗಂತ ಅಂದುಕೊಳ್ಳುತ್ತೇವೆ.

ಭಾಷೆಯ ವಿಷಯಕ್ಕೆ ಬಂದರೆ ಚಿತ್ರವೇ ಬೇರೆ. ಯಾರು ಕಲಿಯುತ್ತಾರೆ, ಯಾರು ಕಲಿಯುವುದಿಲ್ಲ ಎಂದು ನಾಲ್ಕು ವರ್ಷದಿಂದ ನೋಡುತ್ತಿದ್ದೇನೆ. ಜಾಣತನಕ್ಕೂ ಅದಕ್ಕೂ ಸಂಬಂಧ ಕಾಣಲಿಲ್ಲ. ಅಹಂಕಾರಕ್ಕೂ ಅಷ್ಟಾಗಿ ಇಲ್ಲ.

ಕೇರಳದ ನರ್ಸ್‌ಗಳನ್ನು ನೋಡಿ. 1960, 70ರ ದಶಕದಲ್ಲೇ ಚರ್ಚ್ ಸಂಸ್ಥೆಗಳ ಮೂಲಕ ಇಲ್ಲಿಗೆ ಬಂದವರು ಅವರು. ಹಾಸಿಗೆಯಲ್ಲಿ ಮಲಗಿದ ಎಂಬತ್ತು ವರ್ಷದ ಮುದುಕನಿಗೆ ಎಲ್ಲಿ ನೋಯುತ್ತಿದೆ ಎಂದು ಇಂಗ್ಲಿಷ್‌ನಲ್ಲಿ ಕೇಳಲು ಆಗುತ್ತದಾ? ಕಲಿತರು. ಇಂದಿಗೂ ನರ್ಸ್ ಕೆಲಸದ ಮಾನ್ಯತೆಗೆ ಸಾಮಾನ್ಯವಾಗಿ ಬಿ2 ಮಟ್ಟದ ಜರ್ಮನ್ ಬೇಕು. ಅದು ದಿನವಿಡೀ ಮಾತಾಡಿ ಕೆಲಸ ಮಾಡುವಷ್ಟು ಭಾಷೆ. ನಮ್ಮಂಥ ಸಾಫ್ಟ್‌ವೇರ್ ಜನಕ್ಕೆ ಬ್ಲೂ ಕಾರ್ಡ್ ಎನ್ನುವ ವಾಸ ಮತ್ತು ಕೆಲಸದ ಪರವಾನಗಿ ಸಿಗಲು ಒಂದು ಅಕ್ಷರ ಜರ್ಮನ್ ಬೇಕಿಲ್ಲ. ಡಿಗ್ರಿ, ಆಫರ್ ಲೆಟರ್, ಇಷ್ಟು ಸಂಬಳ, ಅಷ್ಟೇ. ಆಫೀಸ್ ಇಂಗ್ಲಿಷ್‌ನಲ್ಲಿ ನಡೆಯುತ್ತದೆ. ಮನೆ ಹುಡುಕಲು, ಕಚೇರಿಗೆ ಕರೆದುಕೊಂಡು ಹೋಗಲು ಕಂಪನಿಯೇ ಜನ ಇಡುತ್ತದೆ. ನಮ್ಮನ್ನು ಯಾರೂ ಭಾಷೆಯ ನೀರಿಗೆ ತಳ್ಳುವುದೇ ಇಲ್ಲ. ದಡದಲ್ಲೇ ಕುರ್ಚಿ ಹಾಕಿ ಕೂರಿಸುತ್ತಾರೆ.

ಜರ್ಮನಿಯ ಬಗ್ಗೆ ಕನ್ನಡದಲ್ಲಿ ಬರೆಯುವಾಗ ಕಿಟ್ಟೆಲ್ ಹೆಸರು ತೆಗೆಯದಿದ್ದರೆ ತಪ್ಪಾದೀತು ಎನ್ನುವ ಹಾಗಿದೆ, ನಾನೂ ತೆಗೆಯುತ್ತೇನೆ. 1894ರಲ್ಲಿ ಮಂಗಳೂರಿನಲ್ಲಿ ಅಚ್ಚಾದ ನಿಘಂಟಿನ ಆ ಕಿಟ್ಟೆಲ್ ತೀರಿಕೊಂಡದ್ದು 1903ರಲ್ಲಿ ಟ್ಯೂಬಿಂಗನ್‌ನಲ್ಲಿ. ನನ್ನ ಮನೆಯಿಂದ ರೈಲಿನಲ್ಲಿ ಒಂದು ಗಂಟೆ. ಅವರ ಕನ್ನಡ ಪ್ರೀತಿಯನ್ನು ನಾವು ಭಾಷಣಗಳಲ್ಲಿ ಹೊಗಳುತ್ತೇವೆ. ಆದರೆ 1853ರಲ್ಲಿ ಬಂದಿಳಿದಾಗ ಅವರು ಪಾದ್ರಿ. ಜನರ ಭಾಷೆ ಬಾರದ ಪಾದ್ರಿ ಮಾಡುವುದಾದರೂ ಏನು? ಪ್ರೀತಿ ಆಮೇಲೆ ಬಂದಿರಬೇಕು. ಮೊದಲು ಬಂದದ್ದು ಗರಜು. ನಮಗೆ ಇಲ್ಲಿ ಇಲ್ಲದಿರುವುದು ಅದೇ.

ಎಷ್ಟು ದಿನ ಇರುತ್ತೇವೆ ಎನ್ನುವುದೂ ಮುಖ್ಯ. ಎರಡು ವರ್ಷ ದುಡಿದು ಹೋಗುವವನು ಮೂರು ಲಿಂಗದ ವ್ಯಾಕರಣ ಯಾಕೆ ಕಲಿಯುತ್ತಾನೆ? 2000ದಲ್ಲಿ ಜರ್ಮನಿ ಐಟಿಯವರಿಗೆಂದು ‘ಗ್ರೀನ್ ಕಾರ್ಡ್’ ತಂದಿತ್ತು. 20 ಸಾವಿರ ಜನಕ್ಕೆ, ಐದು ವರ್ಷಕ್ಕೆ ಮಾತ್ರ. ಅದೇ ವರ್ಷ ಒಬ್ಬ ರಾಜಕಾರಣಿ, ಯೂರ್ಗನ್ ರುಟ್‌ಗರ್ಸ್, ‘ಇಂಡಿಯನ್ನರ ಬದಲು ಮಕ್ಕಳು’ ಎನ್ನುವ ಅರ್ಥದ ಮಾತಿನ ಮೇಲೆ ಚುನಾವಣೆಗೆ ನಿಂತರು. ಹೊರಗಿನಿಂದ ಇಂಡಿಯನ್ನರನ್ನು ತರುವ ಬದಲು ನಮ್ಮ ಮಕ್ಕಳಿಗೇ ಕಂಪ್ಯೂಟರ್ ಕಲಿಸಿ ಎಂಬ ವಾದ. ಚುನಾವಣೆ ಸೋತರು, ಆದರೆ ಮಾತು ಉಳಿಯಿತು. ಐದು ವರ್ಷದ ಚೀಟಿ ಕೊಟ್ಟು ಹೀಗೂ ಮಾತಾಡಿದರೆ ಯಾರಿಗೆ ಬೇರು ಬಿಡಲು ಮನಸ್ಸಾಗುತ್ತದೆ?

ಈಗಿನ ಕಾನೂನು ಆ ತಪ್ಪನ್ನು ಸ್ವಲ್ಪ ಮಟ್ಟಿಗೆ ತಿದ್ದಿಕೊಂಡಿದೆ. ಬ್ಲೂ ಕಾರ್ಡ್‌ನವರಿಗೆ ಎ1 ಎನ್ನುವ ಆರಂಭದ ಮಟ್ಟದ ಜರ್ಮನ್ ಇದ್ದರೆ 27 ತಿಂಗಳಿಗೆ, ನಡುವಿನ ಬಿ1 ಮಟ್ಟ ಇದ್ದರೆ 21 ತಿಂಗಳಿಗೇ ಕಾಯಂ ವಾಸದ ಪರವಾನಗಿ. ಅಂದರೆ ಭಾಷೆಗೆ ಆರು ತಿಂಗಳ ಬಹುಮಾನ. ನಮ್ಮ ಗ್ರೂಪ್‌ನಲ್ಲಿ ಇದರ ಲೆಕ್ಕಾಚಾರ ಕೇಳಬೇಕು. ‘ಆರು ತಿಂಗಳು ಕಾದರಾಯ್ತು, ಬಿ1 ಯಾರು ಓದ್ತಾರೆ’ ಎನ್ನುವವರೇ ಜಾಸ್ತಿ. ನಾನೂ ಹಾಗೇ ಅಂದವನು.

ಹೆಂಡತಿಯ ವಿಷಯದಲ್ಲಿ ಈ ರಿಯಾಯಿತಿ ಇನ್ನೂ ಉಲ್ಟಾ ಹೊಡೆಯುತ್ತದೆ. ಸಾಮಾನ್ಯವಾಗಿ ಗಂಡ ಅಥವಾ ಹೆಂಡತಿಯಾಗಿ ಜರ್ಮನಿಗೆ ಬರುವವರು ವೀಸಾಗೆ ಮೊದಲೇ ಎ1 ಪಾಸಾಗಿರಬೇಕು. ಬ್ಲೂ ಕಾರ್ಡ್‌ನವರ ಸಂಗಾತಿಗೆ ಅದು ಬೇಡ. ಮದುವೆಯಾದ ಮೂರೇ ತಿಂಗಳಿಗೆ ಬರಬಹುದು ಎಂದು ನಾವು ಖುಷಿ ಪಟ್ಟೆವು. ಕೆಲಸ ಮಾಡಲು ಪರವಾನಗಿಯೂ ಇದೆ. ಆದರೆ ಮೈಸೂರಿನಲ್ಲಿ ಹೈಸ್ಕೂಲ್ ಟೀಚರ್ ಆಗಿದ್ದವಳಿಗೆ ಜರ್ಮನ್ ಇಲ್ಲದೆ ಇಲ್ಲಿ ಯಾವ ಶಾಲೆಯ ಬಾಗಿಲೂ ತೆರೆಯಲಿಲ್ಲ. ಆಫೀಸ್ ಇಂಗ್ಲಿಷ್ ನನಗೆ ಛತ್ರಿ. ಅವಳಿಗೆ ಛತ್ರಿಯೂ ಇಲ್ಲ. ಮಗುವಿನ ಡಾಕ್ಟರ್, ಕಿಟಾ ಎಂದು ಕರೆಯುವ ಶಿಶುವಿಹಾರ, ಪಕ್ಕದ ಮನೆ, ಎಲ್ಲಾ ಕಡೆ ಮೊದಲು ನೆನೆದವಳು ಅವಳೇ. ಹಾಗಾಗಿ ಮೊದಲು ಕಲಿತವಳೂ ಅವಳೇ. ನಮ್ಮ ಪರಿಚಯದ ಐದಾರು ಮನೆಯಲ್ಲಿ ಇದೇ ಕತೆ. ಗಂಡ ಬ್ಲೂ ಕಾರ್ಡ್, ಹೆಂಡತಿ ದುಭಾಷಿ.

ಇನ್ನು ಕಲಿಯಲು ಹೊರಟರೆ ಬೇರೆ ತಮಾಷೆ. ಪುಸ್ತಕದ ಜರ್ಮನ್ ಕಲಿತು ಹೊರಗೆ ಬಂದರೆ ಈ ಊರಿನವರು ಆಡುವುದು ಶ್ವೇಬಿಷ್. ಪಠ್ಯಪುಸ್ತಕದ ಕನ್ನಡ ಓದಿಕೊಂಡವನನ್ನು ಒಯ್ದು ಹುಬ್ಬಳ್ಳಿ ಸಂತೆಯಲ್ಲಿ ಬಿಟ್ಟ ಹಾಗೆ. ಈ ರಾಜ್ಯದ ಸರ್ಕಾರವೇ ‘ನಮಗೆ ಎಲ್ಲಾ ಬರುತ್ತದೆ, ಶಿಷ್ಟ ಜರ್ಮನ್ ಒಂದು ಬಿಟ್ಟು’ ಎಂದು 2021ರವರೆಗೆ ಜಾಹೀರಾತು ಮಾಡಿಕೊಂಡಿತ್ತು. ನೀನು, ನೀವು ಎಂಬ ಭೇದ ಇಲ್ಲೂ ಇದೆ, ‘ಡು’ ಮತ್ತು ‘ಝೀ’. ಇಷ್ಟಾದರೂ ಸುಲಭ ಆಯ್ತಲ್ಲ ಅಂದುಕೊಂಡೆ. ಆಗಲಿಲ್ಲ. ನಮ್ಮಲ್ಲಿ ವಯಸ್ಸು ನೋಡಿದರೆ ಗೊತ್ತಾಗುತ್ತದೆ. ಇಲ್ಲಿ ಅರವತ್ತು ವರ್ಷದ ಬಾಸ್‌ಗೆ ಮೊದಲ ದಿನವೇ ‘ನೀನು’ ಅನ್ನಬೇಕು, ಮೂವತ್ತು ವರ್ಷದ ಪಕ್ಕದ ಮನೆಯವನಿಗೆ ಅವನು ಹೇಳುವ ತನಕ ‘ನೀವು’. ಬಾಸ್‌ಗೆ ‘ಡು’ ಅನ್ನಲು ಇಂದಿಗೂ ನಾಲಿಗೆ ಏಳುವುದಿಲ್ಲ. ಇಂಗ್ಲಿಷ್‌ಗೆ ಜಾರಿಕೊಳ್ಳುತ್ತೇನೆ.

ಜಾರಿಕೊಳ್ಳಲು ಅವರೂ ಸಹಾಯ ಮಾಡುತ್ತಾರೆ. ತಪ್ಪು ತಪ್ಪಾಗಿ ಎರಡು ವಾಕ್ಯ ಜರ್ಮನ್ ಆಡಿದರೆ ಸಾಕು, ಎದುರಿನವರು ಕೂಡಲೇ ಇಂಗ್ಲಿಷ್‌ಗೆ ಬರುತ್ತಾರೆ. ಒಳ್ಳೆಯ ಮನಸ್ಸಿನಿಂದಲೇ. ಇದನ್ನು ಎಲ್ಲೋ ನೋಡಿದ್ದೇನಲ್ಲಾ ಅನಿಸಿತು. ಬೆಂಗಳೂರಿನಲ್ಲಿ ಉತ್ತರದವರು ‘ಎಷ್ಟು ಆಯ್ತು ಭಯ್ಯಾ’ ಎಂದು ಕಷ್ಟಪಟ್ಟು ಕೇಳಿದರೆ, ನಮ್ಮ ಅಂಗಡಿಯವರು ‘ಪಚಾಸ್ ರುಪಯಾ’ ಅನ್ನುತ್ತಾರೆ. ನಾನೂ ಅಂದಿದ್ದೇನೆ. ಆಮೇಲೆ ಮನೆಗೆ ಬಂದು ಪೋಸ್ಟ್ ಹಾಕಿದ್ದೇನೆ.

ಭಾಷೆ ಇಲ್ಲದಿದ್ದರೆ ಏನು ನಷ್ಟ, ಸಂಬಳ ಬರುತ್ತಲ್ಲ ಅನ್ನಬಹುದು. ನಷ್ಟ ತಡವಾಗಿ ಗೊತ್ತಾಗುತ್ತದೆ. ಒಂದು ಉದಾಹರಣೆ ಶಾಲೆ. ಈ ರಾಜ್ಯದಲ್ಲಿ ಮಕ್ಕಳು ನಾಲ್ಕನೇ ತರಗತಿ ಮುಗಿಸಿದ ಮೇಲೆ ಬೇರೆ ಬೇರೆ ಬಗೆಯ ಶಾಲೆಗೆ ಹೋಗುತ್ತಾರೆ. ವಿಶ್ವವಿದ್ಯಾಲಯದ ಕಡೆ ಒಯ್ಯುವ ಗಿಮ್ನಾಸಿಯುಂ ಒಂದು, ಕೆಲಸದ ತರಬೇತಿಯ ಕಡೆ ಒಯ್ಯುವವು ಬೇರೆ. ಮಗುವಿಗೆ ಆಗ ಹತ್ತು ವರ್ಷ. ಶಿಕ್ಷಕರ ಶಿಫಾರಸಿಗೆ ತೂಕ ಇದೆ. ಅದಕ್ಕೂ ಮೊದಲು ಪೋಷಕರ ಸಭೆಗಳು ನಡೆಯುತ್ತವೆ, ರಾತ್ರಿ ಏಳೂವರೆಗೆ, ಚಿಕ್ಕ ಮಕ್ಕಳ ಕುರ್ಚಿಯಲ್ಲಿ ಮಂಡಿ ಮಡಚಿ ಕೂತು, ಪೂರ್ತಿ ಜರ್ಮನ್‌ನಲ್ಲಿ. ಅಲ್ಲಿ ತಲೆ ಆಡಿಸಿ ಬಂದ ಅಪ್ಪನಿಗೆ, ಮಗ ತರಗತಿಯಲ್ಲಿ ಬಾಯಿ ಬಿಡುವುದಿಲ್ಲ ಎಂದು ಟೀಚರ್ ಹೇಳಿದ್ದು ಗೊತ್ತಾಗುವುದು ವರ್ಷದ ಕೊನೆಗೆ. ಇಲ್ಲಿ ಬಾಯಿ ಬಿಟ್ಟು ಮಾತಾಡುವುದಕ್ಕೂ ಅಂಕ ಇದೆ. ನಮ್ಮಲ್ಲಿ ಸುಮ್ನೆ ಕೂರುವ ಹುಡುಗನೇ ಒಳ್ಳೆಯ ಹುಡುಗ.

ಇನ್ನೊಂದು ನಷ್ಟ ಮೆಟ್ಟಿಲ ಮೇಲೆ. ಬಂದ ಎರಡನೇ ತಿಂಗಳು ನಮ್ಮ ಬಾಗಿಲಿಗೆ ಯಾರೋ ಒಂದು ಮರದ ಹಲಗೆ ನೇತುಹಾಕಿದ್ದರು. ‘ಕೇರ್‌ವೋಖೆ’ ಎಂದು ಬರೆದಿತ್ತು. ಯಾವುದೋ ಹಬ್ಬದ ಅಲಂಕಾರ ಇರಬೇಕು, ಚೆನ್ನಾಗಿದೆ ಅಂದುಕೊಂಡು ಹಾಗೇ ಬಿಟ್ಟೆವು. ಒಂದು ವಾರ ಆಯ್ತು. ಎರಡು ವಾರ ಆಯ್ತು. ಕೆಳಗಿನ ಮನೆಯವರು ನಮಸ್ಕಾರ ಹೇಳುವುದು ನಿಲ್ಲಿಸಿದರು. ಕೇರ್‌ವೋಖೆ ಅಂದರೆ ಈ ಸೀಮೆಯ ಪದ್ಧತಿ: ಹಲಗೆ ಯಾರ ಬಾಗಿಲಲ್ಲಿದೆಯೋ ಅವರು ಆ ವಾರ ಮೆಟ್ಟಿಲು, ಬಾಗಿಲ ಮುಂದಿನ ದಾರಿ ಎಲ್ಲಾ ಗುಡಿಸಿ ಒರೆಸಬೇಕು. ಶನಿವಾರ ಹಲಗೆಯನ್ನು ಮುಂದಿನ ಬಾಗಿಲಿಗೆ ಹಾಕಬೇಕು. ಡಾಕ್ಟರ್ ಇರಲಿ, ಇಂಜಿನಿಯರ್ ಇರಲಿ, ಸರದಿ ಸರದಿಯೇ. ನಮ್ಮಮ್ಮ ದಿನಾ ಬೆಳಗ್ಗೆ ಅಂಗಳ ಗುಡಿಸಿ ನೀರು ಚಿಮುಕಿಸಿ ರಂಗೋಲಿ ಹಾಕುವವರು. ಈ ಪದ್ಧತಿ ಅವರಿಗೆ ಒಂದು ನಿಮಿಷದಲ್ಲಿ ಅರ್ಥವಾಗುತ್ತಿತ್ತು. ಅಪಾರ್ಟ್‌ಮೆಂಟ್‌ನಲ್ಲಿ ಹೌಸ್‌ಕೀಪಿಂಗ್‌ನವರು ಗುಡಿಸುವುದನ್ನು ನೋಡಿ ಬೆಳೆದ ನನಗೆ ಆಗಲಿಲ್ಲ. ಯಾರೂ ಜಗಳ ಆಡಲಿಲ್ಲ, ಬೈಯಲಿಲ್ಲ. ಹಲಗೆ ಮಾತ್ರ ಅಲ್ಲೇ ತೂಗುತ್ತಿತ್ತು.

ಎಲ್ಲಾ ತಪ್ಪೂ ನಮ್ಮದೇ ಎನ್ನುವುದೂ ಸರಿಯಲ್ಲ. ಮನೆ ಹುಡುಕುವಾಗ ನಮ್ಮ ಹೆಸರಿಗೆ ಬಾರದ ಉತ್ತರ, ಜರ್ಮನ್ ಸಹೋದ್ಯೋಗಿಯ ಹೆಸರಿನಲ್ಲಿ ಬರೆದಾಗ ಬಂದದ್ದನ್ನು ಕಂಡವರಿದ್ದಾರೆ. ವಲಸಿಗರನ್ನು ವಿರೋಧಿಸುವ ಎಎಫ್‌ಡಿ ಪಕ್ಷ 2025ರ ಫೆಬ್ರುವರಿ ಚುನಾವಣೆಯಲ್ಲಿ ಶೇ 20.8 ಮತ ಪಡೆದು ಎರಡನೇ ಸ್ಥಾನಕ್ಕೆ ಬಂತು. 2024ರ ಜೂನ್‌ನಲ್ಲಿ ಪೌರತ್ವಕ್ಕೆ ಬೇಕಾದ ವಾಸವನ್ನು ಎಂಟು ವರ್ಷದಿಂದ ಐದಕ್ಕೆ ಇಳಿಸಿದರು. ಚೆನ್ನಾಗಿ ಬೆರೆತವರಿಗೆ ಮೂರೇ ವರ್ಷ ಎಂಬ ದಾರಿಯನ್ನೂ ತೆರೆದಿದ್ದರು. ಮುಂದಿನ ವರ್ಷ ಅಕ್ಟೋಬರ್‌ನಲ್ಲಿ ಆ ದಾರಿ ಮುಚ್ಚಿದರು. ಒಂದು ಕೈಯಲ್ಲಿ ಕರೆಯುತ್ತಾರೆ, ಇನ್ನೊಂದು ಕೈ ಬಾಗಿಲ ಚಿಲಕದ ಮೇಲೆ.

ನಮ್ಮ ಕಡೆಯೂ ಕೈ ಹಿಡಿದೆಳೆಯುವುದಿದೆ. ಜರ್ಮನಿ ಈಗ ಎರಡು ಪೌರತ್ವಕ್ಕೆ ಒಪ್ಪುತ್ತದೆ, ಭಾರತ ಒಪ್ಪುವುದಿಲ್ಲ. ಇಲ್ಲಿಯ ಪಾಸ್‌ಪೋರ್ಟ್ ತೆಗೆದುಕೊಂಡ ದಿನ ಅಲ್ಲಿಯದು ಹೋಯಿತು. ಬೇರೆ ದೇಶದ ಪೌರತ್ವ ಪಡೆದ ಭಾರತ ಮೂಲದವರಿಗೆ ಕೊಡುವ ಒಸಿಐ ಕಾರ್ಡ್ ಸಿಗುತ್ತದೆ, ಆದರೆ ಓಟು ಇಲ್ಲ, ಹೊಸದಾಗಿ ಕೃಷಿ ಜಮೀನು ಕೊಳ್ಳುವ ಹಾಗಿಲ್ಲ. ಊರಲ್ಲಿ ಎರಡು ಎಕರೆ ಅಡಿಕೆ ತೋಟ ತೆಗೆಯಬೇಕು ಎಂದು ಕನಸಿಟ್ಟುಕೊಂಡೇ ಇಲ್ಲಿ ದುಡಿಯುವವರು ನನಗೆ ಗೊತ್ತು. ಆ ಕನಸು ಇರುವ ತನಕ ಬಿ1 ಪುಸ್ತಕದ ಐದನೇ ಪಾಠ ದಾಟುವುದಿಲ್ಲ.

ಆದರೆ ಕನ್ನಡ ಸಂಘಗಳನ್ನು ‘ಬೆರೆಯದವರ ಕೂಟ’ ಎಂದು ಆಡಿಕೊಳ್ಳುವುದನ್ನು ನಾನು ಒಪ್ಪುವುದಿಲ್ಲ. ಜರ್ಮನಿಯಲ್ಲಿ ಆರು ಲಕ್ಷಕ್ಕೂ ಹೆಚ್ಚು ನೋಂದಾಯಿತ ಸಂಘಗಳಿವೆ. ‘ಫೆರೈನ್’ ಎನ್ನುತ್ತಾರೆ. ಹಾಡಲು, ಗುಂಡು ಹೊಡೆಯಲು, ಮೊಲ ಸಾಕಲು, ಎಲ್ಲದಕ್ಕೂ ಒಂದು ಫೆರೈನ್. ಏಳು ಜನ ಸೇರಬೇಕು, ನಿಯಮಾವಳಿ ಬರೆಯಬೇಕು, ಕೋರ್ಟಿನಲ್ಲಿ ನೋಂದಾಯಿಸಬೇಕು, ವರ್ಷಕ್ಕೊಮ್ಮೆ ಸಭೆ ಕರೆದು ಲೆಕ್ಕ ಒಪ್ಪಿಸಬೇಕು. ಫ್ರಾಂಕ್‌ಫರ್ಟ್ ಸುತ್ತಮುತ್ತಲಿನ ರೈನ್‌ಮೈನ್ ಕನ್ನಡ ಸಂಘದಂಥವು ನಡೆಯುವುದೂ ಹೀಗೇ. ರಾಜ್ಯೋತ್ಸವಕ್ಕೆ ಹಾಲ್ ಬುಕ್ ಮಾಡಲು, ಬಿಸಿಬೇಳೆಬಾತ್ ಬಡಿಸಲು ಅನುಮತಿ ಪಡೆಯಲು, ರಾತ್ರಿ ಹತ್ತರೊಳಗೆ ಡೊಳ್ಳು ನಿಲ್ಲಿಸಲು ಓಡಾಡಿದ ಸಂಘದ ಕಾರ್ಯದರ್ಶಿಗೆ ಈ ದೇಶ ನನಗಿಂತ ಚೆನ್ನಾಗಿ ಗೊತ್ತು. ನಮ್ಮ ಬಳಗದಲ್ಲಿ ಒಳ್ಳೆಯ ಜರ್ಮನ್ ಬರುವ ಇಬ್ಬರೂ ಸಂಘದ ಪದಾಧಿಕಾರಿಗಳು. ಕಾಕತಾಳೀಯ ಅಲ್ಲ.

ಹಾಗಾದರೆ ಬೆಂಗಳೂರಿನ ನನ್ನ ಕೋಪ ತಪ್ಪಾ? ಅಲ್ಲ. ಬಂದ ಊರಿನ ಭಾಷೆ ಕಲಿಯಬೇಕು ಎನ್ನುವುದನ್ನು ನಾನು ಇಂದಿಗೂ ಬಿಟ್ಟಿಲ್ಲ. ಅಂಗಡಿ ಬೋರ್ಡಿನಲ್ಲಿ ಶೇ 60 ಕನ್ನಡ ಇರಬೇಕೆಂದು 2024ರಲ್ಲಿ ಕರ್ನಾಟಕ ಕಾನೂನು ತಿದ್ದಿದಾಗ ಇಲ್ಲಿಂದಲೇ ಚಪ್ಪಾಳೆ ಹೊಡೆದೆ. ಆದರೆ ಬೋರ್ಡು ಓದಿ ಯಾರೂ ಭಾಷೆ ಕಲಿಯುವುದಿಲ್ಲ. ಜರ್ಮನಿ ಎರಡು ಕೆಲಸ ಮಾಡಿದೆ. ಆಡಳಿತದ ಭಾಷೆ ಜರ್ಮನ್ ಎಂದು ಕಾನೂನಿನಲ್ಲೇ ಬರೆದಿಟ್ಟು, ಕಚೇರಿಯ ಕೌಂಟರಿನಲ್ಲಿ ಅದನ್ನು ಪಾಲಿಸುತ್ತದೆ. ಜೊತೆಗೆ 2005ರಿಂದ ವಲಸಿಗರಿಗೆ 600 ಗಂಟೆ ಭಾಷೆ, ಅದರ ಮೇಲೆ ದೇಶದ ಪರಿಚಯ ಹೇಳಿಕೊಡುವ ಕೋರ್ಸ್ ನಡೆಸುತ್ತಿದೆ. ಖರ್ಚಿನ ದೊಡ್ಡ ಪಾಲು ಸರ್ಕಾರದ್ದು. ‘ಕಲಿಯಿರಿ’ ಎಂದು ಹೇಳಿ, ಕಲಿಯಲು ಬೆಂಚೂ ಹಾಕಿಕೊಟ್ಟಿದೆ. ಇಷ್ಟೆಲ್ಲಾ ಮಾಡಿದ ದೇಶದಲ್ಲೇ ನನ್ನಂಥವನು ನಾಲ್ಕು ವರ್ಷ ತಪ್ಪಿಸಿಕೊಂಡಿದ್ದಾನೆ. ವೈಟ್‌ಫೀಲ್ಡ್‌ನಲ್ಲಿ ನಾವು ಬೆಂಚನ್ನೇ ಹಾಕದೆ ಬೈದೆವು.

ಕೊನೆಗೆ ಕಳೆದ ಚಳಿಗಾಲದಲ್ಲಿ ಸಂಜೆ ತರಗತಿಗೆ ಸೇರಿದೆ. ಪಕ್ಕದ ಕುರ್ಚಿಯವನು ಲಖನೌದವನು, ಬೆಂಗಳೂರಿನಿಂದಲೇ ಬಂದವನು. ಟೀಚರ್ ಇಂಗ್ಲಿಷ್ ಆಡಲು ಬಿಡುವುದಿಲ್ಲ. ಜೋಡಿಯಾಗಿ ಪ್ರಶ್ನೆ ಕೇಳಿ, ಉತ್ತರ ಕೊಡಿ ಎಂದರು. ನಾನು ಕೇಳಿದೆ: ‘ಬೆಂಗಳೂರಿನಲ್ಲಿ ಎಷ್ಟು ವರ್ಷ ಇದ್ದೆ?’ ‘ಒಂಬತ್ತು ವರ್ಷ’ ಅಂದ. ‘ಕನ್ನಡ ಬರುತ್ತಾ?’ ಅಂದೆ. ‘ಇಲ್ಲ’ ಅಂದ. ಈಗ ಅವನ ಸರದಿ. ‘ನೀನು ಜರ್ಮನಿಗೆ ಬಂದು ಎಷ್ಟು ವರ್ಷ ಆಯ್ತು?’ ‘ನಾಲ್ಕು.’ ಅವನು ಮುಂದಿನ ಪ್ರಶ್ನೆ ಕೇಳಲಿಲ್ಲ. ಎ1 ಪುಸ್ತಕದ ಮೂರನೇ ಪಾಠ ಇಬ್ಬರ ಮುಂದೆಯೂ ತೆರೆದಿತ್ತು. ಇಬ್ಬರಿಗೂ ನಗು ತಡೆಯಲಾಗಲಿಲ್ಲ. ಟೀಚರ್ ಹತ್ತಿರ ಬಂದು, ಏನು ತಮಾಷೆ, ನಮಗೂ ಹೇಳಿ ಎಂದರು. ಅದನ್ನು ಹೇಳುವಷ್ಟು ಜರ್ಮನ್ ಇಬ್ಬರಲ್ಲೂ ಇರಲಿಲ್ಲ.